ಡಲ್ಸಿಯ ಕೈಯೊಳಗಿನ ಹಕ್ಕಿ

ಡಲ್ಸಿ ಸ್ವಲ್ಪ ಕೆಟ್ಟವಳಾಗಿದ್ದರೆ ನೆರಿಡಾಗೆ ಎಷ್ಟೋ ಹಗುರವಾಗುತ್ತಿತ್ತು.

ಚಳಿಗಾಲದ ಆ ಆಗಸ್ಟ್ ಬೆಳಿಗ್ಗೆ ಅವಳು ಟಾಲೋ ಹಳ್ಳದ ದಂಡೆಯಲ್ಲಿ ಕಾರು ನಿಲ್ಲಿಸಿ ಇಳಿದಾಗ ಹುಲ್ಲಿನ ಮೇಲಿನ ಬಿಳಿ ಹಿಮ ಇನ್ನೂ ಕರಗಿರಲಿಲ್ಲ. ಮಡಚುವ ಮೇಜನ್ನು ಆಗಲೇ ಹಾಕಿಯಾಗಿತ್ತು. ಮೇಜಿನ ಮೇಲೆ ಎರಡು ಥರ್ಮಾಸ್. ಒಂದಕ್ಕೆ ‘ನೆರಿಡಾ, ಸಕ್ಕರೆ ಇಲ್ಲ’ ಎಂದು ಚೀಟಿ ಅಂಟಿಸಿತ್ತು. ಪಕ್ಕದ ಕುರ್ಚಿಯಲ್ಲಿ ಉಣ್ಣೆಯ ಗವಸು ತೊಡಿಸಿದ ಬಿಸಿನೀರಿನ ಚೀಲ, ನೆರಿಡಾಳ ಬಲ ಮಂಡಿಗೆಂದು. ಎರಡೂ ಡಲ್ಸಿಯ ಕೆಲಸ. ಮಂಡಿ ನೋಯುತ್ತದೆಂದು ನೆರಿಡಾ ಯಾರ ಬಳಿಯೂ ಹೇಳಿಕೊಂಡವಳಲ್ಲ. ಅವಳು ಕಾರಿನಿಂದ ಇಳಿಯುವ ರೀತಿ ನೋಡಿಯೇ ಡಲ್ಸಿ ತಿಳಿದುಕೊಂಡಿದ್ದಳು. ಆಯುಷ್ಯವೆಲ್ಲ ನರ್ಸ್ ಆಗಿದ್ದವಳ ಕಣ್ಣು.

“ಕೂತ್ಕೋ ಬಂಗಾರ, ಟೀ ಆರೋಗತ್ತೆ,” ಎಂದಳು ಡಲ್ಸಿ, ತಲೆ ಎತ್ತದೆ. ಡಲ್ಸಿಗೆ ಎಲ್ಲರೂ ಬಂಗಾರವೇ. ಅಂಚೆಯವನು, ನಾಯಿ, ಹಕ್ಕಿ, ನೆರಿಡಾ, ಎಲ್ಲರೂ.

ಅವಳ ಎಡ ಅಂಗೈಯಲ್ಲಿ ನೀಲಿ ರೆನ್ ಹಕ್ಕಿಯೊಂದು ಅಂಗಾತ ಮಲಗಿತ್ತು. ಹೆಬ್ಬೆರಳಿನಷ್ಟು ಮೈ, ಮೈಯಷ್ಟೇ ಉದ್ದದ ಬಾಲ. ಗಂಡು, ಚಳಿಗಾಲದ ಕಂದು ಪುಕ್ಕದ ನಡುವೆ ನೆತ್ತಿಯ ಮೇಲೆ ಮಾತ್ರ ನೀಲಿ ಚಿಗುರುತ್ತಿತ್ತು. ಡಲ್ಸಿಯ ಬಲಗೈಯಲ್ಲಿ ಸ್ಟಾಪ್‌ವಾಚ್. ಹಕ್ಕಿಯ ಎದೆ ಏರಿಳಿಯುವುದನ್ನು ಅವಳ ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಒರಗಿದ ಅಜ್ಜನ ಹಾಗೆ ಆ ಹಕ್ಕಿ ನಿಧಾನವಾಗಿ ಉಸಿರಾಡುತ್ತಿತ್ತು.

ಗುಡಾರದ ಹಿಂದಿನಿಂದ ತಾಮ್ಸಿನ್ ಬಂದಳು. ಈ ಹಕ್ಕಿಗಳ ಕೆಲಸವೆಲ್ಲ ಅವಳದು. ವಿಶ್ವವಿದ್ಯಾಲಯದಿಂದ ಪ್ರತಿ ಚಳಿಗಾಲ ಬಂದು ಊರಾಚೆಯ ಕ್ಯಾರವಾನಿನಲ್ಲಿ ಉಳಿಯುತ್ತಿದ್ದಳು. “ನೋಡಿ ನೆರಿಡಾ, ಇವರ ಕೈ ನೋಡಿ! ಏನ್ ಮಾಯ ಮಾಡ್ತಾರೋ. ನಿದ್ದೆನೇ ಹೋಗಿದೆ ಅದು.”

“ನೋಡ್ತಾ ಇದೀನಿ,” ಎಂದಳು ನೆರಿಡಾ.

ಇದೇ ತಾಮ್ಸಿನ್ ಮೊದಲ ವರ್ಷ ವಿದ್ಯಾರ್ಥಿನಿಯಾಗಿ ಬಂದಾಗ ಅವಳ ಬೆರಳುಗಳು ನಡುಗುತ್ತಿದ್ದವು. ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ನೆರಿಡಾ ಆಗಲೇ ಬಿಡುವಿನಲ್ಲಿ ಹಕ್ಕಿಗಳ ಕಾಲಿಗೆ ಬಣ್ಣದ ಬಳೆ ತೊಡಿಸುವುದನ್ನು ಕಲಿತಿದ್ದಳು. ಆ ನಡುಗುವ ಕೈಯನ್ನು ತನ್ನ ಕೈಯಲ್ಲಿ ಹಿಡಿದು, “ಒಡೆದೀತು ಅಂತ ಹೆದರ್ಬೇಡ, ಹಾರೀತು ಅಂತ ಹೆದರು, ಬೆರಳು ತಾನಾಗೇ ಸರಿಯಾಗತ್ತೆ,” ಎಂದು ಹೇಳಿಕೊಟ್ಟವಳು ಅವಳೇ. ಅಷ್ಟು ವರ್ಷದಲ್ಲಿ ತಾಮ್ಸಿನ್ ನೆರಿಡಾಳ ಕೈಯನ್ನು ಮಾಯ ಎಂದು ಒಂದು ಸಲವೂ ಕರೆದಿರಲಿಲ್ಲ. ಅಚ್ಚುಕಟ್ಟು ಎಂದಿದ್ದಳು. ನಂಬಬಹುದಾದ ಕೈ ಎಂದಿದ್ದಳು. ಅವು ಕಾರಿನ ಬಗ್ಗೆ ಆಡುವ ಮಾತುಗಳು.

ಕೆಲಸ ನೋಡಲು ಸುಲಭವಾಗಿತ್ತು. ಬೆಳಕು ಹರಿಯುವಾಗ ಕೂದಲೆಳೆಯಂಥ ನೂಲಿನ ಬಲೆ ಕಟ್ಟುವುದು, ಸಿಕ್ಕ ಹಕ್ಕಿಯನ್ನು ಬಟ್ಟೆಯ ಚೀಲಕ್ಕೆ ಹಾಕುವುದು, ಕೈಯಲ್ಲಿ ಹಿಡಿದು ಅದರ ಉಸಿರು ಎಷ್ಟು ಬೇಗ ಎಂದು ಅಳೆಯುವುದು. ಆಮೇಲೆ ಒಣ ಕೊಂಬೆಗಳನ್ನು ನೆಟ್ಟ ಸಣ್ಣ ಗುಡಾರದೊಳಗೆ ಅದನ್ನು ಬಿಟ್ಟು ತಾಮ್ಸಿನ್ ತೂತಿನಿಂದ ಇಣುಕುತ್ತಿದ್ದಳು. ಕೆಲವು ಹಕ್ಕಿಗಳು ಹೊಸ ಮನೆ ನೋಡಲು ಬಂದವರಂತೆ ಕೊಂಬೆಯಿಂದ ಕೊಂಬೆಗೆ ಓಡಾಡಿ ಮೂಲೆ ಮೂಲೆ ತಡಕುತ್ತಿದ್ದವು. ಅವು ಧೈರ್ಯದವು. ಕೆಲವು ಬಿಟ್ಟಲ್ಲೇ ಮುದುಡಿ ಕೂರುತ್ತಿದ್ದವು. ಅವು ಅಂಜುಬುರುಕ. ಅಷ್ಟಾದ ಮೇಲೆ ಹಾರಿಬಿಡುವುದು. ಹಕ್ಕಿಯ ಸ್ವಭಾವಕ್ಕೂ ಅದರ ಉಸಿರಿಗೂ ಏನು ನಂಟು, ಆ ನಂಟು ತೇವದ ಜಾಗದಲ್ಲೂ ಒಣ ಜಾಗದಲ್ಲೂ ಒಂದೇ ಇರುತ್ತದೆಯೇ ಎಂಬುದು ತಾಮ್ಸಿನ್‌ಳ ಪ್ರಶ್ನೆ.

ತೇವದ ಜಾಗ ಈ ಹಳ್ಳ. ಒಣ ಜಾಗ ಗುಡ್ಡದ ಆಚೆ ಮಗ್ಗುಲು. ಸಮುದ್ರದ ಕಡೆಯಿಂದ ಬರುವ ಮೋಡ ಹಳ್ಳದ ಮೇಲೆಯೇ ಖಾಲಿಯಾಗಿ, ಅತ್ತ ಇಳಿಜಾರಿಗೆ ಬರೀ ಗಾಳಿ ತಲುಪುತ್ತಿತ್ತು. ಮೊದಲೆಲ್ಲ ಗುಡ್ಡದಲ್ಲಷ್ಟೇ ಬಲೆ ಕಟ್ಟುತ್ತಿದ್ದರು, ಮೂರು ಚಳಿಗಾಲದ ಹಿಂದೆ ಡಲ್ಸಿ ಬಂದ ಮೇಲೆ ಹಳ್ಳವೂ ಸೇರಿ ಕೆಲಸ ಹಂಚಿಹೋಗಿತ್ತು. ಬೆಳಿಗ್ಗೆ ಹಳ್ಳದಲ್ಲಿ ಡಲ್ಸಿ, ಬಿಸಿಲೇರುವ ಮುಂಚೆ ಗುಡ್ಡದಲ್ಲಿ ನೆರಿಡಾ.

ಗುಡ್ಡದ ಹಕ್ಕಿಗಳು ನೆರಿಡಾಳ ಕೈಯಲ್ಲಿ ಎಂದೂ ನಿದ್ದೆ ಹೋದವಲ್ಲ. ಅವುಗಳ ಎದೆ ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಿತ್ತು. ಒಂದು ಹಳೆಯ ಗಂಡು ಹಕ್ಕಿ, ಕೆಂಪು ಹಳದಿ ಬಳೆಯದು, ಎಲ್ಲರಿಗಿಂತ ಮೊದಲು ಬಲೆಗೆ ಬಿದ್ದು ಎಲ್ಲರಿಗಿಂತ ಜೋರಾಗಿ ಬೈಯುತ್ತಿತ್ತು. ನೆರಿಡಾ ಅದಕ್ಕೆ ‘ಮೇಯರ್’ ಎಂದು ಹೆಸರಿಟ್ಟಿದ್ದಳು. ಮೇಯರ್ ಗುಡಾರದಲ್ಲಿ ಒಂದು ಕೊಂಬೆಯನ್ನೂ ಬಿಡುತ್ತಿರಲಿಲ್ಲ, ಅಂಥ ಧೈರ್ಯ. ಆದರೆ ಕೈಯಲ್ಲಿ ಅವನ ಎದೆಯೇ ಎಲ್ಲಕ್ಕಿಂತ ಬಿರುಸು. ಡಲ್ಸಿ ಬರುವವರೆಗೆ ನೆರಿಡಾ ಇದನ್ನು ಯೋಚಿಸಿರಲಿಲ್ಲ. ಈಗ ಪ್ರತಿ ಹಕ್ಕಿಯನ್ನು ಹಿಡಿದಾಗಲೂ ಅದೊಂದೇ ಯೋಚನೆ: ಇಷ್ಟು ವರ್ಷ ಇವು ನನ್ನ ಕೈಗೇ ಹೆದರುತ್ತಿದ್ದವೇ?

ತಾಮ್ಸಿನ್ ಬನ್ನಿನಂಥ ಸ್ಕೋನ್ ಒಂದನ್ನು ಮುರಿದು ಬೆಣ್ಣೆ ಹಚ್ಚುತ್ತ ಹೇಳಿದಳು: “ಮುಂದಿನ ವರ್ಷದಿಂದ ಒಂದ್ ವಾರ ಹಳ್ಳ, ಒಂದ್ ವಾರ ಗುಡ್ಡ ಮಾಡೋಣ ಅಂತಿದೀನಿ. ಆಗ ಉಸಿರು ಎಣಿಸೋಕೆ ಒಬ್ರು ಸಾಕು. ಇನ್ನೊಬ್ರು ಬಲೆ ನೋಡ್ಕೊಳ್ಳಲಿ.” ಹೇಳುವಾಗ ಅವಳ ಕಣ್ಣು ಡಲ್ಸಿಯ ಕೈ ಮೇಲಿತ್ತು. ಆಮೇಲೆ ನೆರಿಡಾಳ ತಟ್ಟೆಗೆ ದೊಡ್ಡ ಸ್ಕೋನನ್ನೇ ಹಾಕಿದಳು. ಆ ದೊಡ್ಡ ಸ್ಕೋನಿನಿಂದಲೇ ನೆರಿಡಾಗೆ ಎಲ್ಲ ಅರ್ಥವಾಯಿತು: ಬಲೆ ನೋಡಿಕೊಳ್ಳಬೇಕಾದವಳು ತಾನು.

ಮನೆಯಲ್ಲಿ ಅವಳ ಗಂಡ ಡೆಸ್ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ನೆರಿಡಾ ಆಲೂಗಡ್ಡೆ ಸಿಪ್ಪೆ ಹೆರೆಯುತ್ತ ಎಲ್ಲವನ್ನೂ ಹೇಳಿದಳು. ಸಿಪ್ಪೆ ದಪ್ಪಗೆ ಬರುತ್ತಿತ್ತು.

“ನಿನ್ ಕೈ ತಣ್ಣಗಿರತ್ತೆ ಕಣೇ ನೆರಿ,” ಎಂದ ಡೆಸ್. “ಉಂಗುರ ಹಾಕೋವಾಗ್ಲೇ ಗೊತ್ತಾಯ್ತು ನಂಗೆ. ಪಾದ್ರಿ ಎದುರಿಗಿದ್ರು, ಓಡೋಗೋಕಾಗ್ಲಿಲ್ಲ.”

“ತಮಾಷೆ ಬೇಡ.”

“ತಮಾಷೆ ಅಲ್ಲ. ನಾನ್ ಹಕ್ಕಿ ಆಗಿದ್ರೂ ಉಸಿರು ಬಿಗಿ ಹಿಡೀತಿದ್ದೆ.” ಅವನು ಟಿವಿ ಕಡೆಗೇ ನೋಡುತ್ತ ತಲೆ ಕೆರೆದುಕೊಂಡ. “ಅಲ್ಲಾ, ಒಂದ್ ಮಾತು. ಹಳ್ಳದಲ್ಲಿ ಅವ್ಳೇ ಅಂಪೈರ್, ಗುಡ್ಡದಲ್ಲಿ ನೀನೇ ಅಂಪೈರ್. ಆಮೇಲೆ ಎರಡು ಮೈದಾನದಲ್ಲೂ ಆಟ ಬೇರೆ ಬೇರೆ ಅಂತ ಆ ಹುಡುಗಿ ಹೆಂಗೆ ಹೇಳ್ತಾಳೆ? ಅಂಪೈರೇ ಬೇರೆ ಅಲ್ವಾ?”

ನೆರಿಡಾಳ ಕೈಯಲ್ಲಿ ಚಾಕು ನಿಂತಿತು.

ಇಷ್ಟು ಜನ, ಇಷ್ಟು ಚಳಿಗಾಲ, ಯಾರಿಗೂ ಹೊಳೆದಿರಲಿಲ್ಲ. ಹಳ್ಳದ ಹಕ್ಕಿಯನ್ನು ನೆರಿಡಾ ಹಿಡಿದಿರಲಿಲ್ಲ. ಗುಡ್ಡದ ಹಕ್ಕಿಯನ್ನು ಡಲ್ಸಿ ಹಿಡಿದಿರಲಿಲ್ಲ. ತಾಮ್ಸಿನ್ ಹವಾಮಾನ ಎಂದುಕೊಂಡಿದ್ದು ಬರೀ ಇಬ್ಬರು ಹೆಂಗಸರ ಕೈಯಾಗಿರಬಹುದು. ತಕ್ಷಣ ಹೇಳಬೇಕಾದ ಮಾತು. ಆದರೆ ತನ್ನ ಎದೆಯಲ್ಲಿ ಎದ್ದದ್ದು ಕೆಲಸದ ಮೇಲಿನ ಕಾಳಜಿಯಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಲ್ಸಿಯ ಮಾಯದ ಕೈಯೇ ಎಲ್ಲವನ್ನೂ ಕೆಡಿಸಿದೆ ಎಂದು ಹೇಳುವ ಆಸೆ. ಆ ಆಸೆಗೆ ಹೊಸದಾಗಿ ಸುಟ್ಟ ರೊಟ್ಟಿಯ ಘಮ ಇತ್ತು.

ಮರುದಿನ ಮೇಜಿನ ಸುತ್ತ ಮೂವರೂ ಕೂತಾಗ ಹೇಳಿಯೇ ಬಿಟ್ಟಳು. “ಡಲ್ಸಿ ಕೈ ಅಷ್ಟೊಂದು ವಿಶೇಷ ಆದ್ರೆ, ತಾಮ್ಸಿನ್, ನೀನು ಅಳೆದಿದ್ದು ಹಕ್ಕೀನಾ, ಡಲ್ಸಿ ಕೈನಾ?”

ತಾಮ್ಸಿನ್ ಬಾಯಿಗೆ ತಂದ ಲೋಟವನ್ನು ಹಾಗೇ ಹಿಡಿದಳು. ಅವಳ ಮುಖದ ಬಣ್ಣ ಇಳಿಯುವುದನ್ನು ನೆರಿಡಾ ನೋಡಿದಳು, ಅಂದುಕೊಂಡಷ್ಟು ಸಂತೋಷವಾಗಲಿಲ್ಲ.

“ಅಯ್ಯೋ ದೇವರೇ,” ಎಂದಳು ತಾಮ್ಸಿನ್. “ಮೂರು ಚಳಿಗಾಲ. ನಾನೇ ಹಂಚಿಕೊಟ್ಟೆ. ಪೆಟ್ರೋಲ್ ಉಳಿಯತ್ತೆ ಅಂತ.”

“ಸರಿಯಾಗಿ ಕೇಳಿದೆ ಬಂಗಾರ,” ಎಂದಳು ಡಲ್ಸಿ, ನೆರಿಡಾಳ ಕಡೆ ತಿರುಗಿ. ಅವಳ ದನಿಯಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. “ನಂಗಂತೂ ಹೊಳೀತಿರ್ಲಿಲ್ಲ. ಬೈಕೊಂಡು ಕೂತ್ರೆ ಆಗಲ್ಲ, ಅದಲು ಬದಲು ಮಾಡಿ ನೋಡೋಣ.”

ಶನಿವಾರ ಹಳ್ಳ, ಭಾನುವಾರ ಗುಡ್ಡ, ಎರಡು ಕಡೆಯೂ ಒಂದು ಹಕ್ಕಿ ಡಲ್ಸಿಗೆ ಒಂದು ನೆರಿಡಾಗೆ ಎಂದು ನಿಶ್ಚಯವಾಯಿತು. ಕೈಗಳ ನಡುವೆ ವ್ಯತ್ಯಾಸ ಕಂಡರೆ ಹಳೆಯದೆಲ್ಲ ಬಿಟ್ಟು ಹೊಸದಾಗಿ ಶುರು. “ಆಗ ಯಾರ ಕೈಲಿ ಹಕ್ಕಿಗೆ ಕಡಿಮೆ ಗಾಬರಿಯೋ ಅವರೇ ಹಿಡೀಬೇಕಾಗತ್ತೆ,” ಎಂದಳು ತಾಮ್ಸಿನ್. “ಹಕ್ಕಿ ದೃಷ್ಟಿಯಿಂದ ಹೇಳ್ತಿದೀನಿ ನೆರಿಡಾ.”

ಮನೆಗೆ ಹೋಗುವ ದಾರಿಯುದ್ದಕ್ಕೂ ನೆರಿಡಾ ತನ್ನನ್ನೇ ಬೈದುಕೊಂಡಳು. ತಾನಾಗಿಯೇ ಎದ್ದು ನಿಂತು ಪರೀಕ್ಷೆ ಕೇಳಿ ಪಡೆದಿದ್ದಳು. ಈಗ ಅದರಲ್ಲಿ ಸೋತರೆ ಬಲೆಯ ಗೂಟ ಹೊಡೆಯುವವಳಾಗುತ್ತಾಳೆ. ಹಕ್ಕಿಯ ಬಿಸಿ ಮತ್ತೆಂದೂ ಅಂಗೈಗೆ ತಾಗುವುದಿಲ್ಲ.

ಶನಿವಾರ ಚಳಿ ಕೊರೆಯುತ್ತಿತ್ತು. ಮೊದಲ ಚೀಲವನ್ನು ತಾಮ್ಸಿನ್ ನೆರಿಡಾಳ ಮುಂದಿಟ್ಟಳು. ಡಲ್ಸಿ ಬಿಸಿನೀರಿನ ಚೀಲವನ್ನು ಎತ್ತಿ ಕೊಡಲು ಬಂದಳು. “ಕೈ ಒಂಚೂರು ಬೆಚ್ಚಗೆ ಮಾಡ್ಕೋ.”

“ನೀನು ಮಾಡ್ಕೋತೀಯಾ?”

“ಇಲ್ಲಪ್ಪ.”

“ಹಂಗಾದ್ರೆ ನಂಗೂ ಬೇಡ. ನನ್ ಕೈ ಹೆಂಗಿದ್ಯೋ ಹಂಗೇ ಇರ್ಲಿ.”

ಚೀಲದೊಳಗೆ ಕೈ ಹಾಕಿ ಹಕ್ಕಿಯನ್ನು ಹೊರತೆಗೆದಳು. ಒಂದು ಕಂದು ಹೆಣ್ಣು. ಕತ್ತನ್ನು ಎರಡು ಬೆರಳ ನಡುವೆ ಇಟ್ಟು ಬೆನ್ನನ್ನು ಅಂಗೈಗೆ ಒರಗಿಸಿದಳು. ಎಣಿಸಲು ಶುರು ಮಾಡಿದವಳು ಎಣಿಕೆ ತಪ್ಪಿದಳು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ನಡುವೆ ಸಾಕಷ್ಟು ಬಿಡುವಿತ್ತು. ಅವಳ ತಣ್ಣನೆಯ ಕೈಯಲ್ಲಿ, ಗಂಡ ಮದುವೆಯ ದಿನದಿಂದ ಹಾಸ್ಯ ಮಾಡುತ್ತ ಬಂದ ಆ ಕೈಯಲ್ಲಿ, ಹಕ್ಕಿ ತನ್ನ ಮನೆಯಲ್ಲಿದ್ದಂತೆ ಮಲಗಿತ್ತು. ನೆರಿಡಾಳ ಮೂಗಿನ ತುದಿ ಉರಿಯಿತು. ಚಳಿಗೆ ಎಂದುಕೊಂಡಳು.

“ಮಲಗೇಬಿಡ್ತು ನೋಡು!” ಡಲ್ಸಿ ಮಗುವಿನ ಹಾಗೆ ಕೈ ತಟ್ಟಲು ಹೋಗಿ, ಹಕ್ಕಿ ಬೆಚ್ಚೀತೆಂದು ತಡೆದುಕೊಂಡಳು. ಅವಳ ಮುಖದಲ್ಲಿ ಅಪ್ಪಟ ಸಂತೋಷ. ಇವಳಿಗೆ ಹೊಟ್ಟೆಕಿಚ್ಚೂ ಬರುವುದಿಲ್ಲವೇ ಎಂದು ನೆರಿಡಾಗೆ ಇನ್ನಷ್ಟು ಹೊಟ್ಟೆ ಉರಿಯಿತು.

ಭಾನುವಾರ ಗುಡ್ಡ. ಹಿಂಬದಿಯ ಇಳಿಜಾರಿನಲ್ಲಿ ಹುಲ್ಲು ಬಿಳಿಚಿ ಮುರಿದುಹೋಗಿತ್ತು. ವಾಟಲ್ ಗಿಡಗಳು ಮಾತ್ರ ಮೊಂಡುತನದಿಂದ ಹಳದಿ ಹೂ ಬಿಟ್ಟಿದ್ದವು. ಬಲೆ ಕಟ್ಟಿ ತಿರುಗುವಷ್ಟರಲ್ಲಿ ಪರಿಚಿತ ಬೈಗುಳ ಕೇಳಿಸಿತು. ಮೇಯರ್. ಸರದಿ ಡಲ್ಸಿಯದು.

ಕೊಡುವಾಗ ನೆರಿಡಾಳ ಬೆರಳು ಚೀಲದ ದಾರವನ್ನು ಬಿಡಲು ಒಪ್ಪಲಿಲ್ಲ. ಹಳ್ಳದ ಹಕ್ಕಿಗಳೇನೋ ಯಾರ ಕೈಗಾದರೂ ಒಗ್ಗುತ್ತವೆ ಎಂದಿಟ್ಟುಕೊಳ್ಳೋಣ. ಆದರೆ ಈ ಮುದುಕ, ತಾನು ವರ್ಷ ವರ್ಷ ಹಿಡಿದು ಒಂದು ದಿನವೂ ಸಮಾಧಾನ ಮಾಡಲಾಗದ ಈ ಮುದುಕ, ಡಲ್ಸಿಯ ಅಂಗೈಯಲ್ಲಿ ಕಣ್ಣು ಮುಚ್ಚಿಬಿಟ್ಟರೆ? ಅದೊಂದನ್ನು ಮಾತ್ರ ನೋಡಲು ತನ್ನಿಂದಾಗದು.

ಡಲ್ಸಿ ಅವನನ್ನು ಹೊರತೆಗೆದಳು. “ಬಾ ಬಂಗಾರ, ಬಾ...” ಅಂಗಾತ ಮಾಡಿದಳು. ಸ್ಟಾಪ್‌ವಾಚ್ ಒತ್ತಿದಳು. ಅವಳ ತುಟಿ ಎಣಿಸಲು ಹೊರಟು, ಹಿಂದೆ ಬಿದ್ದು, ನಿಂತೇಹೋಯಿತು. ಮೇಯರನ ಎದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ಎಂದಿನಂತೆ.

ಸಂತೋಷವೇ ಮೊದಲು ಬಂದದ್ದು. ನೆರಿಡಾ ಅದನ್ನು ತಡೆಯಲಿಲ್ಲ, ತಡೆಯುವಷ್ಟು ಸಮಯವೂ ಇರಲಿಲ್ಲ. ನಿನಗೂ ಇಲ್ಲ! ನಿನಗೂ ಸುಮ್ಮನಾಗುವುದಿಲ್ಲ! ಆಮೇಲೆ ಡಲ್ಸಿಯ ಮುಖ ಕಣ್ಣಿಗೆ ಬಿತ್ತು. ಅವಳ ಕತ್ತು ಕೆಂಪಗಾಗಿತ್ತು. ಎಷ್ಟೋ ರೋಗಿಗಳ ನಾಡಿ ಹಿಡಿದ ಹೆಂಗಸು ಆ ಪುಟ್ಟ ಹಕ್ಕಿಯನ್ನು ಹಿಡಿದು ದಿಕ್ಕು ತೋಚದೆ ನಿಂತಿದ್ದಳು.

“ಏನೋ ತಪ್ಪಾಗಿ ಹಿಡ್ದಿದೀನಿ,” ಎಂದಳು ಡಲ್ಸಿ, ದನಿ ತಗ್ಗಿಸಿ. “ನೋವಾಗ್ತಿದೆ ಇವ್ನಿಗೆ. ನೆರಿಡಾ, ತಗೋ, ನೀನೇ ತಗೋ.”

ಕೈ ಚಾಚಿದ್ದರೆ ಸಾಕಿತ್ತು. ಹಕ್ಕಿ ಬರುತ್ತಿತ್ತು, ಕೆಲಸವೂ ಬರುತ್ತಿತ್ತು. ತಾಮ್ಸಿನ್ ಗುಡಾರದ ಬಳಿಯಿಂದ ನೋಡುತ್ತಿದ್ದಳು. ಡಲ್ಸಿಯ ಈ ಮುಖ ನೆರಿಡಾಗೆ ಗೊತ್ತಿತ್ತು. ಮೂರು ಚಳಿಗಾಲ ತಾನೇ ಅದನ್ನು ಒಳಗೆ ತೊಟ್ಟುಕೊಂಡು ತಿರುಗಿದ್ದಳು, ಹಕ್ಕಿಗಳು ನನ್ನ ಕೈಗೇ ಹೆದರುತ್ತವೆ ಎಂದು. ಹಾಗಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

“ನೋವಿಲ್ಲ ಅವ್ನಿಗೆ,” ಎಂದಳು. “ನಿನ್ ಕೈ ಸರಿಯಾಗೇ ಇದೆ. ನನ್ ಕೈಲೂ ಹಿಂಗೇ ಮಾಡ್ತಾನೆ. ಯಾವಾಗ್ಲೂ ಹಿಂಗೇ. ಎಣಿಸು.”

“ನಿಜವಾಗ್ಲೂ?”

“ಎಣಿಸೇ, ಮಾರಾಯ್ತಿ. ಅವ್ನ ಬೈಗುಳ ಕೇಳೋದಿದ್ರೆ ಆಮೇಲೆ ಕೇಳು.”

ಡಲ್ಸಿ ಎಣಿಸಿದಳು. ಆಮೇಲೆ ನೆರಿಡಾ ಇನ್ನೊಂದನ್ನು, ಡಲ್ಸಿ ಮತ್ತೊಂದನ್ನು. ಗುಡ್ಡದ ಹಕ್ಕಿಗೆ ಗುಡಾರದಲ್ಲಿ ಎಷ್ಟು ಧೈರ್ಯವೋ ಅಷ್ಟು ಬಿರುಸು ಉಸಿರು, ಯಾರ ಕೈಯಾದರೂ. ಹಳ್ಳದಲ್ಲಿ ಅದರ ತಿರುವುಮುರುವು, ಧೈರ್ಯದ ಹಕ್ಕಿಗೇ ನಿಧಾನದ ಉಸಿರು, ಯಾರ ಕೈಯಾದರೂ.

ಮಧ್ಯಾಹ್ನದ ಹೊತ್ತಿಗೆ ತಾಮ್ಸಿನ್‌ಳ ಮುಖಕ್ಕೆ ಬಣ್ಣ ಮರಳಿತ್ತು. ಕಾರಿನ ಹಿಂಬಾಗಿಲು ಎತ್ತಿ ಅದರ ಅಂಚಿನಲ್ಲಿ ಮೂವರೂ ಸಾಲಾಗಿ ಕೂತು ಸ್ಯಾಂಡ್‌ವಿಚ್ ತಿಂದರು. “ಕೈದೇನೂ ಇಲ್ಲ,” ಎಂದಳು ಅವಳು ಬಾಯಿ ತುಂಬಿಕೊಂಡೇ. “ಜಾಗದ್ದೇ. ಹಳ್ಳದಲ್ಲಿ ನೀರಿದೆ, ಹುಳ ಇದೆ, ಬಚ್ಚಿಟ್ಕೊಳ್ಳೋಕೆ ಪೊದೆ ಇದೆ. ಅಲ್ಲಿ ಆರಾಮಾಗಿ ಧೈರ್ಯ ಮಾಡ್ಬಹುದು. ಇಲ್ಲಿ ಧೈರ್ಯ ಮಾಡೋ ಹಕ್ಕಿ ಮೈಯೆಲ್ಲ ಎಚ್ಚರ ಇಟ್ಕೊಂಡೇ ಮಾಡ್ಬೇಕೇನೋ. ಹಂಗಂತ ನನ್ ಊಹೆ. ನೆರಿಡಾ, ನೀವು ಕೇಳದೇ ಇದ್ದಿದ್ರೆ ಯಾರೋ ಹೊರಗಿನವ್ರು ಕೇಳ್ತಿದ್ರು, ನಾನ್ ಬಾಯ್ಬಿಟ್ಕೊಂಡು ನಿಂತಿರ್ತಿದ್ದೆ.”

ನೆರಿಡಾ ತಾನು ಯಾಕೆ ಕೇಳಿದೆನೆಂಬುದನ್ನು ಸ್ಯಾಂಡ್‌ವಿಚ್ ಜೊತೆ ನುಂಗಿದಳು.

“ಹಂಗಾದ್ರೆ ನನ್ ಕೈ ಮಾಯ ಏನೂ ಅಲ್ಲ,” ಎಂದಳು ಡಲ್ಸಿ. ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ನಗುತ್ತಿದ್ದಳು, ಆದರೆ ನಗು ಅರ್ಧಕ್ಕೇ ನಿಂತಿತ್ತು. “ಕೆಲ್ಸ ಬಿಟ್ಟ ಮೇಲೆ ನನ್ನಿಂದ ಏನಾದ್ರೂ ಪ್ರಯೋಜನ ಇದೆ ಅಂತ ಇದೊಂದೇ ಅನ್ನಿಸ್ತಿತ್ತು.”

ನೆರಿಡಾ ತನ್ನ ಪಾಲಿನ ಹಣ್ಣಿನ ಕೇಕನ್ನು ಮುರಿದು ದೊಡ್ಡ ತುಂಡನ್ನು ಅವಳ ಮಡಿಲ ಮೇಲಿನ ಕಾಗದಕ್ಕೆ ಇಟ್ಟಳು.

“ಇಬ್ರೂ ಹಿಡೀಬಹುದು ಅಂತಾಯ್ತು,” ಎಂದಳು ತಾಮ್ಸಿನ್. “ಒಬ್ರೇ ಯಾಕೆ? ಇಬ್ರೂ ಇರಿ, ಯಾರು ಎಲ್ಲಿ ಅಂತ ನೀವೇ ಮಾತಾಡ್ಕೊಳ್ಳಿ. ವರ್ಷಕ್ಕೊಂದ್ ಸಲ ಹಿಂಗೆ ಅದಲು ಬದಲು ಮಾಡಿ ನೋಡ್ಬಿಡೋಣ.”

ಡಲ್ಸಿ ಕೂಡಲೇ, “ಗುಡ್ಡ ನಂಗಿರ್ಲಿ,” ಎಂದಳು. “ಈ ಏರು ನಿನ್ ಮಂಡಿಗೆ ಬೇಡ ಬಂಗಾರ. ಇವತ್ತು ಹತ್ತುವಾಗ ನೋಡ್ದೆ, ಎರಡು ಸಲ ನಿಂತೆ, ಹೂ ನೋಡೋ ನೆಪ ಹಾಕ್ದೆ.”

ಅದು ನಿಜವಾಗಿತ್ತು. ಒಪ್ಪದೆ ಇರಲು ನೆರಿಡಾಗೆ ಒಂದು ಕಾರಣವೂ ಸಿಗಲಿಲ್ಲ.

ಹಾಗೆ ಹಳ್ಳ ಅವಳದಾಯಿತು. ಹಕ್ಕಿಗಳು ಅವಳ ಕೈಯಲ್ಲಿ ತೂಕಡಿಸಿದವು. ಒಂದು ಬೆಳಿಗ್ಗೆ ನೋಡಲು ಬಂದ ವಿದ್ಯಾರ್ಥಿಗಳ ಮುಂದೆ ತಾಮ್ಸಿನ್, “ನೋಡಿ, ನಂಗೆ ಹಕ್ಕಿ ಹಿಡಿಯೋದು ಕಲಿಸಿದ್ದು ಈ ಕೈ,” ಎಂದಳು. ಮೂರು ಚಳಿಗಾಲ ಕಾದಿದ್ದ ಮಾತು. ನೆರಿಡಾ ಎಣಿಸುತ್ತ ತಲೆ ಆಡಿಸಿದಳು. ಅವಳ ಕಣ್ಣು ಮಾತ್ರ ಗುಡ್ಡದ ನೆತ್ತಿಯ ಕಡೆಗಿತ್ತು. ಅಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಮೇಯರ್ ಬಲೆಗೆ ಬೀಳುತ್ತಾನೆ. ಅಷ್ಟು ಬಿರುಸಿನ ಆ ಎದೆ ಇನ್ನೊಬ್ಬಳ ಬೆರಳಿಗೆ ಬಡಿಯುತ್ತದೆ. ಇಷ್ಟು ದಿನ ಸುಮ್ಮನಿರುವ ಹಕ್ಕಿಗಾಗಿ ಹೊಟ್ಟೆ ಉರಿದುಕೊಂಡವಳಿಗೆ ಈಗ ಆ ಬಡಿತಕ್ಕಾಗಿ ಹೊಟ್ಟೆ ಉರಿಯತೊಡಗಿತು.

ಗುಡ್ಡದ ಕಡೆಯಿಂದ ಡಲ್ಸಿಯ ಧೂಳು ಮೆತ್ತಿದ ಕಾರು ಇಳಿದು ಬಂದಾಗ ಮೇಜಿನ ಮೇಲೆ ಎರಡು ಥರ್ಮಾಸ್ ಕಾಯುತ್ತಿದ್ದವು. ಒಂದಕ್ಕೆ ‘ಡಲ್ಸಿ, ಎರಡು ಚಮಚ’ ಎಂದು ನೆರಿಡಾ ಚೀಟಿ ಅಂಟಿಸಿದ್ದಳು.

“ಬಂದಿದ್ನಾ?” ಎಂದು ಕೇಳಿದಳು, ಡಲ್ಸಿ ಕೂರುವ ಮೊದಲೇ.

“ಯಾರು?”

“ಯಾರು ಅಂದ್ರೆ? ಮೇಯರ್.”

“ಬಂದಿದ್ದ. ತಲೆಯೆಲ್ಲ ನೀಲಿಯಾಗಿದೆ ಈಗ.”

“ಬೈದ್ನಾ?”

“ಬೈದ.”

“ಜೋರಾಗಾ?”

ಡಲ್ಸಿ ಥರ್ಮಾಸಿನ ಚೀಟಿಯನ್ನು ಓದಿದಳು, ಆಮೇಲೆ ನೆರಿಡಾಳ ಮುಖವನ್ನು ಓದಿದಳು. ಅವಳ ಕೆನ್ನೆಯ ಮೇಲೆ ಗುಡ್ಡದ ಕೆಂಪು ಧೂಳಿತ್ತು.

“ಇಲ್ಲ ಬಂಗಾರ,” ಎಂದಳು. “ನಿಂಗೆ ಬೈಯೋಷ್ಟು ಜೋರಾಗೇನಿಲ್ಲ.”

ಅದು ಸುಳ್ಳೆಂದು ನೆರಿಡಾಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಿತವಾಯಿತು. ಡಲ್ಸಿಯ ಲೋಟಕ್ಕೆ ಟೀ ಬಗ್ಗಿಸಿದಳು, ತುಳುಕದಂತೆ, ಅಂಚಿನವರೆಗೆ.